ಹೀಟರ್ ಫ್ಯಾನ್ ಕಟಕಟ ಅಂದ ತಕ್ಷಣ ‘ಮೋಟರ್ ಹೋಗಿದೆ’ ಅಂದ್ರೆ ನಂಬಬೇಡಿ

ಹೊಸ ಮೋಟರ್ ಹಾಕಿದ್ದೇವೆ ಅಂತ ಹೀಟರ್ ರಿಪೇರಿಯವರು ದುಡ್ಡು ತಗೊಂಡ್ರು. ಹಾಕಿಲ್ಲ. ಇಷ್ಟೇ ವಿಷಯ. ಆದರೆ ನಾನು ಹೇಗೆ ಮೋಸ ಹೋದೆ ಅಂತ ಪೂರ್ತಿ ಹೇಳಿದರೆ ನೀವಾದರೂ ಉಳಿದುಕೊಳ್ಳುತ್ತೀರಿ ಅಂತ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ, ಹಿಂದೆ ಮುಂದೆ ಆದರೆ ಹೊಂದಿಸಿಕೊಂಡು ಓದಿ.

ನಮ್ಮದು ನೆಲದ ಮೇಲೆ ಇಡುವ ಫ್ಯಾನ್ ಹೀಟರ್. ಒಂದು ದಿನ ಆನ್ ಮಾಡಿದರೆ ಕಟಕಟ ಕಟಕಟ. ಸ್ಪೀಡ್ ಕಮ್ಮಿ ಮಾಡಿದರೆ ಕಟ್... ಕಟ್... ಅಂತ ನಿಧಾನ, ಜಾಸ್ತಿ ಮಾಡಿದರೆ ಮಿಷನ್ನಿನಲ್ಲಿ ಬಟ್ಟೆ ಹೊಲಿದ ಹಾಗೆ. ಅಣ್ಣನಿಗೆ ಫೋನ್ ಮಾಡಿದೆ. ‘ಸ್ಪೀಡಿನ ಜೊತೆ ಸದ್ದು ಬದಲಾಗುತ್ತೆ ಅಂದ್ರೆ ತಿರುಗೋ ಭಾಗಕ್ಕೆ ಏನೋ ತಾಗ್ತಿದೆ ಕಣೇ, ಪ್ಲಗ್ ಕಿತ್ತು, ಆರಿದ ಮೇಲೆ ಕೈಯಲ್ಲಿ ಒಂದು ಸಲ ತಿರುಗಿಸಿ ನೋಡು’ ಅಂದ. ಕೇಳಲಿಲ್ಲ. ಕರೆಂಟಿನ ವಸ್ತು, ನಮಗ್ಯಾಕೆ, ಗೊತ್ತಿರೋರು ಮಾಡಲಿ ಅಂತ ರಿಪೇರಿಯವರನ್ನು ಕರೆಸಿದೆ.

ಬಂದವರು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಆನ್ ಮಾಡಿದರು, ಹತ್ತು ಸೆಕೆಂಡ್ ಕಿವಿ ಕೊಟ್ಟರು, ‘ಮೋಟರ್ ಹೋಗಿದೆ ಮೇಡಂ, ಕೆಪಾಸಿಟರೂ ಹೋಗಿದೆ’ ಅಂದರು. (ಕೆಪಾಸಿಟರ್ ಅಂದ್ರೆ ಕೆಲವು ಮೋಟರಿಗೆ ತಿರುಗಲು ಸಹಾಯ ಮಾಡುವ, ಕರೆಂಟ್ ಕೂಡಿಟ್ಟುಕೊಳ್ಳುವ ಸಣ್ಣ ಬಿಡಿಭಾಗ.) ಹೀಟರ್ ಎತ್ತಿಕೊಂಡು ಹೋದರು. ಎರಡು ದಿನ ಬಿಟ್ಟು ತಂದರು. ಸದ್ದು ಇಲ್ಲ! ಖುಷಿಯಾಯ್ತು. ಹೊಸ ಹೀಟರಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಬಿಲ್ಲು, ಸುಮ್ನೆ ಕೊಟ್ಟೆ. ಹಳೇ ಮೋಟರ್ ಎಲ್ಲಿ ಅಂತ ಕೇಳಿದ್ದಕ್ಕೆ ‘ಅದನ್ನ ವಾಪಸ್ ಕಳಿಸಬೇಕು ಮೇಡಂ, ರೂಲ್ಸು’ ಅಂದರು. ಯಾರ ರೂಲ್ಸು ಅಂತಲೂ ಕೇಳಲಿಲ್ಲ ನೋಡಿ.

ಮೂರನೇ ದಿನ ಗುಡಿಸಲು ಅಂತ ಹೀಟರ್ ಎತ್ತಿ ಪಕ್ಕಕ್ಕೆ ಇಟ್ಟೆ. ಆಮೇಲೆ ಆನ್ ಮಾಡಿದರೆ, ಮತ್ತೆ ಕಟಕಟ. ಮೆಸೇಜ್ ಹಾಕಿದೆ. ಉತ್ತರ: ‘ಹೊಸ ಮೋಟರ್ ಮೇಡಂ, ಸೆಟ್ ಆಗೋಕೆ ಟೈಮ್ ಬೇಕು, ಒಂದು ವಾರ ಓಡಿಸಿ.’ ಒಂದು ವಾರ ಓಡಿಸಿದೆ! ಆ ಸದ್ದಿನಲ್ಲೇ ಮಲಗಿದೆ! ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಕೊನೆಗೆ ತಡೆಯಲಾರದೆ ನಾನೇ ಬಿಚ್ಚಿದೆ. ಪ್ಲಗ್ ಕಿತ್ತು, ಪೂರ್ತಿ ಆರಲು ಬಿಟ್ಟು, ಹಿಂದಿನ ಆರು ಸ್ಕ್ರೂ. ಒಳಗೆ ಉದ್ದಕ್ಕೆ ಉರುಳೆ ತರಹದ ಫ್ಯಾನು, ಸುತ್ತ ಸಣ್ಣ ಸಣ್ಣ ರೆಕ್ಕೆ. ಪಕ್ಕದಲ್ಲಿ ಮೋಟರು. ಮೋಟರ್ ಮೇಲೆ ಕಂಬಳಿ ಹೊದಿಸಿದ ಹಾಗೆ ಬೂದು ಧೂಳು. ಸುಮಾರು ಹತ್ತು ದಿನದ ಹಿಂದೆ ಹಾಕಿದ ‘ಹೊಸ’ ಮೋಟರ್ ಇದು. ಅದರ ಸ್ಕ್ರೂಗಳ ತಲೆಗೆ ಫ್ಯಾಕ್ಟರಿಯವರು ಇಟ್ಟ ಕೆಂಪು ಬಣ್ಣದ ಬೊಟ್ಟು, ಒಂದೂ ಒಡೆದಿಲ್ಲ. ಬಟ್ಟೆಯಲ್ಲಿ ಧೂಳು ಒರೆಸಿದರೆ ಸ್ಟಿಕರ್ ಕಾಣಿಸಿತು, 2019. ಹೀಟರಿನ ಹಿಂದೆ ಇರುವುದೂ 2019. ನಾನು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಕೈಯಾರೆ ದುಡ್ಡು ಎಣಿಸಿ, ಥ್ಯಾಂಕ್ಸ್ ಬೇರೆ ಹೇಳಿದ್ದೆ!

ಇನ್ನು ಕೆಪಾಸಿಟರ್. ಎಷ್ಟು ಹುಡುಕಿದರೂ ಇಲ್ಲ. ಫೋಟೋ ಕಳಿಸಿದೆ, ಅಣ್ಣ ನಕ್ಕ. ಇದು ಶೇಡೆಡ್ ಪೋಲ್ ಮೋಟರ್ ಅಂತೆ. ಕಬ್ಬಿಣದ ಹಾಳೆಗಳ ಮಧ್ಯೆ ದಪ್ಪ ತಾಮ್ರದ ಬಳೆ ಇರುತ್ತದೆ, ತಿರುಗಲು ಶುರು ಮಾಡಿಸುವ ಕೆಲಸ ಅದೇ ಮಾಡುತ್ತದೆ. ಇದಕ್ಕೆ ಕೆಪಾಸಿಟರೇ ಬೇಡ. ಇಲ್ಲದ ಸಾಮಾನು ಕೆಟ್ಟಿದೆ ಅಂತ ಹೇಳಿ, ಇಲ್ಲದ ಸಾಮಾನು ಬದಲಾಯಿಸಿ, ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಬರೆದಿದ್ದಾರೆ. ಕೇಳಿದೆ. ಉತ್ತರ ಹಾಗೇ ಬರೆಯುತ್ತೇನೆ: ‘ಅದು ಒಳಗಡೆ ಇರುತ್ತೆ ಮೇಡಂ, ನಿಮಗೆ ಕಾಣಲ್ಲ.’

ಸದ್ದು ಎಲ್ಲಿಂದ? ಉರುಳೆಯನ್ನು ಬೆರಳಿನಲ್ಲಿ ಮೆಲ್ಲಗೆ ತಿರುಗಿಸಿದೆ. ಟಿಕ್. ಮತ್ತೊಂದು ಸುತ್ತು, ಅದೇ ಜಾಗದಲ್ಲಿ ಟಿಕ್. ಎರಡು ರೆಕ್ಕೆಗಳ ನಡುವೆ ತಲೆಗೆ ಹಾಕುವ ಕಪ್ಪು ಪಿನ್ನು, ಒಂದು ಕಾಲು ಹೊರಗೆ ಚಾಚಿಕೊಂಡು ಕವಚಕ್ಕೆ ತಾಗುತ್ತಿದೆ. ಹೀಟರ್ ಇರುವುದು ಕನ್ನಡಿ ಕೆಳಗೆ, ಪಿನ್ನು ನನ್ನದೇ. ಅವರು ಎತ್ತಿಕೊಂಡು ಹೋದಾಗ ಸರಿದು ಮೂಲೆ ಸೇರಿತ್ತು, ನಾನು ಎತ್ತಿಟ್ಟಾಗ ವಾಪಸ್ ಬಂತು ಅಂತ ಕಾಣುತ್ತದೆ. ಚಿಮಟದಲ್ಲಿ ತೆಗೆದೆ. ಬ್ರಷ್ಷಿನಲ್ಲಿ ಧೂಳು ತೆಗೆದೆ. ಈಗ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

ದಯವಿಟ್ಟು ಮೊದಲು ಕೈಯಲ್ಲಿ ತಿರುಗಿಸಿ ನೋಡಿ. ಪ್ಲಗ್ ಕಿತ್ತು, ಸ್ವಿಚ್ ಆಫ್ ಮಾತ್ರ ಸಾಲದು. ಕಟಕಟ ಅಂದ್ರೆ ಏನೋ ತಾಗುತ್ತಿರಬಹುದು. ಕೀಂಚ್ ಅಂದ್ರೆ ಬುಷ್ (ಮೋಟರಿನ ಕಡ್ಡಿ ಒಳಗೆ ಕೂತು ತಿರುಗುವ ಲೋಹದ ಬಳೆ) ಒಣಗಿರಬಹುದು, ಅಲ್ಲಿಗೆ ಹೊಲಿಗೆ ಮಿಷನ್ ಎಣ್ಣೆ ಒಂದೆರಡು ಹನಿ ಸಾಕು, ಅಡುಗೆ ಎಣ್ಣೆ ಬೇಡವೇ ಬೇಡ. ಇಡೀ ಹೀಟರ್ ನಡುಗಿದರೆ ರೆಕ್ಕೆಗೆ ಒಂದೇ ಕಡೆ ಧೂಳು ಕೂತಿದೆಯಾ, ಸ್ಕ್ರೂ ಸಡಿಲವಾ ನೋಡಿ. ಬಿಸಿಯಾಗುವಾಗ ತಣ್ಣಗಾಗುವಾಗ ಬರುವ ಸಣ್ಣ ಟಿಕ್ ಟಿಕ್ ಲೋಹ ಹಿಗ್ಗುವುದು ಕುಗ್ಗುವುದು, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಸುಟ್ಟ ವಾಸನೆ ಬಂದರೆ, ಅಥವಾ ಗ್ಯಾಸ್ ಹೀಟರ್ ಆದರೆ ನೀವು ಕೈ ಹಾಕಬೇಡಿ. ಕೆಪಾಸಿಟರ್ ನಿಜವಾಗಿಯೂ ಇರುವ ಮೋಟರ್ ಆದರೆ ಅದನ್ನೂ ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಹುದು. ಯಾರನ್ನೇ ಕರೆಸಿ, ಬಿಚ್ಚುವುದು ನಿಮ್ಮ ಕಣ್ಣ ಮುಂದೆ. ಹಳೇ ಸಾಮಾನು ಕೈಗೆ ಬಂದ ಮೇಲೇ ದುಡ್ಡು.

ಪಿನ್ನು, ಮೋಟರು, ಸ್ಟಿಕರು, ಬಿಲ್ಲು, ನಾಲ್ಕೂ ಫೋಟೋ ರಿಪೇರಿಯವರಿಗೆ ಕಳಿಸಿದೆ. ಮೊದಲು ‘ನೀವೇ ಬಿಚ್ಚಿದ್ದೀರಿ, ಇನ್ನು ವಾರಂಟಿ ಇಲ್ಲ’ ಅಂತ ಬಂತು. ಆಮೇಲೆ ‘ಪಿನ್ನು ಬೀಳಿಸಿದ್ದು ನೀವೇ ಅಲ್ವಾ ಮೇಡಂ’ ಅಂತ. ಹೌದು ನಾನೇ, ಮೋಟರಿನ ದುಡ್ಡು ಯಾಕೆ ತಗೊಂಡ್ರಿ ಅಂತ ಕೇಳಿದ್ದೇನೆ. ನಾಲ್ಕು ದಿನ ಆಯ್ತು. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.