ನೇಪಾಳದ ಮಕ್ಕಳಿಗಾಗಿ ಮೂರು ಸಲ: ಬಾಲಗೃಹ, ಬಣ್ಣದ ಕೆಲಸ, ಬೆಟ್ಟದ ಶಾಲೆ

ಮೊನ್ನೆ ಆಫೀಸಿನಲ್ಲಿ ಒಬ್ಬಳು ಹುಡುಗಿ ಕೇಳಿದಳು. "ಅಕ್ಕಾ, ಎರಡು ವಾರ ರಜೆ ಇದೆ. ನೇಪಾಳಕ್ಕೆ ಹೋಗಿ ಮಕ್ಕಳಿಗೆ ಏನಾದರೂ ಮಾಡಬೇಕು ಅಂತಿದ್ದೀನಿ. ಯಾವ ತಂಡದ ಜೊತೆ ಹೋಗಲಿ?" ನಾನು ಮೂರು ಸಲ, ಮೂರು ಬೇರೆ ಬೇರೆ ತಂಡಗಳ ಜೊತೆ ಹೋಗಿ ಬಂದವಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ತುಂಬ ಜನರಿಗೆ ನೇಪಾಳವೇ ಮೊದಲು ನೆನಪಾಗುತ್ತದೆ. ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಸಾಕು. ಶಾಲೆಯಲ್ಲಿ ಕಲಿತ ಹಿಂದಿ ಅಲ್ಲಿ ಕೈ ಹಿಡಿಯುತ್ತದೆ, ಲಿಪಿಯೂ ಅದೇ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ತೀರಿಕೊಂಡ ಮೇಲಂತೂ ಬೆಂಗಳೂರಿನಿಂದಲೂ ಎಷ್ಟೋ ಜನ ಹೊರಟರು. ನಾನೂ ಹೊರಟೆ.

ಮೊದಲ ಸಲ, 2016ರ ನವೆಂಬರ್. ಕಾಠ್ಮಂಡು ಪಕ್ಕದ ಒಂದು ಬಾಲಗೃಹ. ಅನಾಥಾಶ್ರಮವನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಹನ್ನೊಂದು ಜನರ ತಂಡ, ಎರಡು ವಾರ, ವಿಮಾನದ ಖರ್ಚು ಬಿಟ್ಟು ತಲಾ 45,000 ರೂಪಾಯಿ. ಕೆಲಸ ಅಂದರೆ ಮಕ್ಕಳ ಜೊತೆ ಆಡುವುದು, ಇಂಗ್ಲಿಷ್ ಹಾಡು ಹೇಳಿಕೊಡುವುದು, ಹೋಮ್‌ವರ್ಕ್ ನೋಡುವುದು.

ಗೇಟು ದಾಟಿದ ಹತ್ತು ನಿಮಿಷದಲ್ಲಿ ಆರು ವರ್ಷದ ಒಂದು ಹುಡುಗಿ ಬಂದು ನನ್ನ ಬೆರಳು ಹಿಡಿದಳು. "ದೀದಿ" ಅಂದಳು. ಅವಳ ಸ್ವೆಟರಿನ ತೋಳು ತುಂಬ ಉದ್ದ. ಎಷ್ಟು ಸಲ ಮಡಚಿದರೂ ಜಾರಿ ಕೈ ಮುಚ್ಚಿಬಿಡುತ್ತಿತ್ತು. ಐದನೇ ದಿನ ಅವಳಿಗೆ ಜಡೆ ಹಾಕುತ್ತಾ ಊರು ಯಾವುದು ಅಂತ ಕೇಳಿದೆ. ಹುಮ್ಲಾ ಅಂದಳು. "ಆಮಾ?" ಅಂದೆ. "ಘರ್‌ಮಾ" ಅಂದಳು. ಅಮ್ಮ ಮನೆಯಲ್ಲಿದ್ದಾಳೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮ ಇರುವ ಮಗು ಅನಾಥಾಶ್ರಮದಲ್ಲಿ ಯಾಕಿದೆ? ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಹುಮ್ಲಾ ನೇಪಾಳದ ವಾಯವ್ಯ ಮೂಲೆಯ ಗುಡ್ಡಗಾಡು ಜಿಲ್ಲೆ. 1996ರಿಂದ 2006ರವರೆಗೆ ನಡೆದ ಮಾವೋವಾದಿ ಯುದ್ಧದ ಕಾಲದಲ್ಲಿ ಅಂಥ ಹಳ್ಳಿಗಳಿಗೆ ದಲ್ಲಾಳಿಗಳು ಬರುತ್ತಿದ್ದರು. ಕಾಠ್ಮಂಡುವಿನಲ್ಲಿ ಒಳ್ಳೆಯ ಶಾಲೆಗೆ ಸೇರಿಸುತ್ತೇವೆ ಅಂತ ಹೇಳಿ ಮಕ್ಕಳನ್ನು ಕರೆದೊಯ್ಯುತ್ತಿದ್ದರು. ತಂದೆತಾಯಿ ಸಾಲ ಮಾಡಿ ದುಡ್ಡು ಕೊಟ್ಟು ಕಳಿಸುತ್ತಿದ್ದರು. ಯುದ್ಧ ಮುಗಿದ ಮೇಲೂ ಆ ದಾರಿ ಮುಚ್ಚಲಿಲ್ಲ. ನೇಪಾಳದ ಬಾಲಗೃಹಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಇನ್ನೊಂದು ವಿಷಯ ಗಮನಿಸಿ. ಬಾಲಗೃಹಗಳು ಜಾಸ್ತಿ ಇರುವುದು ಕಾಠ್ಮಂಡು, ಲಲಿತಪುರ, ಪೋಖರಾ, ಚಿತ್ವನ್ ಕಡೆ. ಅಂದರೆ ಪ್ರವಾಸಿಗರು ಬರುವ ಕಡೆ. ನಮ್ಮ 45,000 ರೂಪಾಯಿ ಎಲ್ಲಿ ಹೋಗುತ್ತದೆ ಅಂತ ತಂಡದವರನ್ನು ಕೇಳಿದೆ. ಸರಿಯಾದ ಉತ್ತರ ಸಿಗಲಿಲ್ಲ. ನಾವು ಯಾರು, ಎಂಥವರು ಅಂತ ಯಾರೂ ವಿಚಾರಿಸಿರಲಿಲ್ಲ. ಪೊಲೀಸ್ ವೆರಿಫಿಕೇಶನ್ ಕೂಡ ಇಲ್ಲ. ಆದರೂ ಮಕ್ಕಳು ಮಲಗುವ ಕೋಣೆಗೆ ನಮ್ಮಲ್ಲಿ ಯಾರು ಬೇಕಾದರೂ ಹೋಗಬಹುದಿತ್ತು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೊನೆಯ ದಿನ ಮಕ್ಕಳು ಸಾಲಾಗಿ ನಿಂತು ಚೆಂಡುಹೂವಿನ ಹಾರ ಹಾಕಿದರು. ನಮ್ಮ ಬ್ಯಾಗು ಇನ್ನೂ ಅಂಗಳದಲ್ಲೇ ಇತ್ತು, ಮುಂದಿನ ತಂಡದ ವ್ಯಾನು ಬಂತು. ಆ ಹುಡುಗಿ ಓಡಿಹೋಗಿ ಇಳಿದವರಲ್ಲಿ ಒಬ್ಬರ ಬೆರಳು ಹಿಡಿದಳು. ತೋಳು ಜಾರಿ ಕೈ ಮುಚ್ಚಿತ್ತು. ಎರಡು ವಾರಕ್ಕೊಂದು ತಂಡ ಅಂದರೆ ವರ್ಷಕ್ಕೆ ಇಪ್ಪತ್ತು ಸಲವಾದರೂ ಆ ಮಗು ಯಾರನ್ನೋ ಹಚ್ಚಿಕೊಳ್ಳಬೇಕು, ಮತ್ತೆ ಬಿಟ್ಟುಕೊಡಬೇಕು. ಆಸ್ಟ್ರೇಲಿಯಾ 2018ರಲ್ಲಿ ತನ್ನ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ ಅನಾಥಾಶ್ರಮಗಳಿಗೆ ಹೀಗೆ ಮಕ್ಕಳನ್ನು ಸಾಗಿಸುವ ವಿಷಯವೂ ಅದರ ಜೊತೆಗೇ ಚರ್ಚೆಗೆ ಬಂತು. ಅದನ್ನು ಓದಿದಾಗ ನನಗೆ ಆ ಸ್ವೆಟರೇ ಕಣ್ಣ ಮುಂದೆ ಬಂತು.

ಎರಡನೇ ಸಲದ್ದು ಚಿಕ್ಕ ಕಥೆ. 2017ರಲ್ಲಿ ಒಂದು ವಾರ, ಕಾವ್ರೆ ಜಿಲ್ಲೆಯಲ್ಲಿ, ಶಾಲೆಗೆ ಬಣ್ಣ ಹೊಡೆಯುವ ತಂಡ. ಯಾರಿಗೂ ಕೆಟ್ಟದಾಗಲಿಲ್ಲ, ಮಕ್ಕಳು ಖುಷಿಯಾಗಿದ್ದರು. ಆದರೆ ಒಂಬತ್ತು ಜನ ಒಂದು ವಾರ ಮಾಡಿದ್ದನ್ನು ಆ ಊರಿನ ಇಬ್ಬರು ಪೇಂಟರುಗಳು ಮೂರು ದಿನದಲ್ಲಿ ಇನ್ನೂ ನೀಟಾಗಿ ಮುಗಿಸುತ್ತಿದ್ದರು. ಅವರಿಗೆ ಕೂಲಿಯೂ ಸಿಗುತ್ತಿತ್ತು. ನಮ್ಮ ಟಿಕೆಟ್ ದುಡ್ಡನ್ನು ಸುಮ್ನೆ ಆ ಶಾಲೆಗೆ ಕಳಿಸಿದ್ದರೆ ಚೆನ್ನಾಗಿತ್ತು.

ಮೂರನೆಯದಕ್ಕೆ ಬರುತ್ತೇನೆ. 2018ರ ಏಪ್ರಿಲ್ ಕೊನೆಯಿಂದ ಹತ್ತು ವಾರ. ಸಂಬಳವಿಲ್ಲದ ರಜೆ ಹಾಕಿದೆ. ಸಿಂಧುಪಾಲ್‌ಚೋಕ್ ಜಿಲ್ಲೆಯ ಬೆಟ್ಟದ ಮೇಲೊಂದು ಸರ್ಕಾರಿ ಶಾಲೆ. ನಾಲ್ಕೇ ಜನರ ತಂಡ. ಹೋಗುವ ಮುಂಚೆಯೇ ಪೊಲೀಸ್ ಸರ್ಟಿಫಿಕೇಟ್ ಕೇಳಿದರು, ಎರಡು ಸಲ ಸಂದರ್ಶನ ಮಾಡಿದರು. ತರಬೇತಿಗೆ 15,000 ರೂಪಾಯಿ, ಅದಕ್ಕೆ ರಸೀದಿ. ಊಟ, ವಸತಿಗೆ ತಿಂಗಳಿಗೆ 12,000 ನೇಪಾಳಿ ರೂಪಾಯಿ, ಅಂದರೆ ನಮ್ಮ 7,500. ಅದು ನೇರವಾಗಿ ನಾವು ಉಳಿದುಕೊಂಡ ಮನೆಯ ಅಮ್ಮನ ಕೈಗೆ. ನಿಯಮ ಒಂದೇ: ನೀವು ಪಾಠ ಮಾಡಬೇಡಿ, ಪಾಠ ಮಾಡುವ ಟೀಚರಿಗೆ ಜೊತೆಯಾಗಿ.

ಭೂಕಂಪಕ್ಕೆ ಶಾಲೆ ಬಿದ್ದುಹೋಗಿತ್ತು. "ಅವತ್ತು ಶನಿವಾರ" ಅಂತ ಹೆಡ್‌ಮಾಸ್ತರರು ಮೊದಲ ದಿನವೇ ಹೇಳಿದರು. ನೇಪಾಳದಲ್ಲಿ ವಾರದ ರಜೆ ಶನಿವಾರ. ಅದೇ ಶುಕ್ರವಾರ ಆಗಿದ್ದರೆ ಅಂತ ಯೋಚಿಸಲೂ ಭಯವಾಗುತ್ತದೆ. ಮೂರು ವರ್ಷವಾದರೂ ತರಗತಿ ನಡೆಯುತ್ತಿದ್ದದ್ದು ತಗಡಿನ ಶೆಡ್ಡಿನಲ್ಲೇ. ಮಳೆ ಜೋರಾದರೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಆಗ ಮಿಸ್ ಬೋರ್ಡಿನ ಮೇಲೆ ಬರೆಯುತ್ತಾ ಹೋಗುತ್ತಿದ್ದರು, ಮಕ್ಕಳು ನೋಡುತ್ತಾ ಕೂರುತ್ತಿದ್ದರು. ಒಂದರಿಂದ ಮೂರನೇ ತರಗತಿವರೆಗೆ ಒಂದೇ ಶೆಡ್ಡು, ಒಬ್ಬರೇ ಮಿಸ್.

ಮೊದಲ ಮೂರು ವಾರ ನಮ್ಮಿಂದ ಉಪಯೋಗವಾಗಲಿಲ್ಲ. ಮಕ್ಕಳ ಹೆಸರು ಕಲಿತೆವು. ಬೆಳಗ್ಗೆ ಒಂಬತ್ತಕ್ಕೆ ದಾಲ್ ಭಾತ್ ಉಂಡು ಹತ್ತಕ್ಕೆ ಶಾಲೆಗೆ ಹೋಗುವುದು ಅಭ್ಯಾಸವಾಯಿತು. ಮಿಸ್ ನಮ್ಮನ್ನು ನಂಬಲು ಅಷ್ಟು ದಿನ ಬೇಕಾಯಿತು. ಎರಡೇ ವಾರಕ್ಕೆ ಬಂದಿದ್ದರೆ ಇಷ್ಟರೊಳಗೆ ವಾಪಸ್ ಹೊರಟಿರುತ್ತಿದ್ದೆ, ಅಲ್ವಾ?

ನಮ್ಮಮ್ಮ ಹುಣಸೂರು ಕಡೆ ನಲಿಕಲಿ ಟೀಚರ್. ನಲಿಕಲಿ ಶುರುವಾಗಿದ್ದೇ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಕಲಿಸುವುದು ಅಮ್ಮನಿಗೆ ದಿನದ ಕೆಲಸ. ಒಂದು ಸಂಜೆ ಅವರಿಗೆ ಫೋನ್ ಮಾಡಿ ಮಿಸ್‌ಗೆ ಕೊಟ್ಟೆ. ಅಮ್ಮನ ಕನ್ನಡ, ಮಿಸ್‌ನ ನೇಪಾಳಿ, ಮಧ್ಯೆ ನನ್ನ ಹಿಂದಿ. ಮುಕ್ಕಾಲು ಗಂಟೆ ಮಾತಾಡಿದರು. ಮರುದಿನ ಮಿಸ್ ಮಕ್ಕಳನ್ನು ಗುಂಪು ಮಾಡಿದರು. ಶೆಡ್ಡಿನ ಈ ಕಡೆಯಿಂದ ಆ ಕಡೆಗೆ ದಾರ ಕಟ್ಟಿ ಕಲಿಕಾ ಚಪ್ಪರ ಮಾಡಿದೆವು. ಮಕ್ಕಳು ಬರೆದ ಚಿತ್ರಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಎಣಿಸಲು ಮುಸುಕಿನ ಜೋಳದ ಕಾಳು ತರಿಸಿದ್ದು ಮಿಸ್‌ನ ಸ್ವಂತ ಯೋಚನೆ. ಹತ್ತು ಕಾಳು ಒಂದು ಹಳೆ ಮುಚ್ಚಳಕ್ಕೆ, ಹತ್ತು ಮುಚ್ಚಳ ಒಂದು ತಟ್ಟೆಗೆ. ಎರಡನೇ ತರಗತಿಯ ಹುಡುಗನೊಬ್ಬ ನೂರಾ ಮೂವತ್ತೇಳು ಕಾಳು ಜೋಡಿಸಿ, ಎಲ್ಲರನ್ನೂ ಕರೆದು ಕರೆದು ತೋರಿಸಿದ.

ಕಷ್ಟ ಇರಲಿಲ್ಲ ಅಂತಲ್ಲ. ಜೂನಿನಲ್ಲಿ ಗುಡ್ಡ ಕುಸಿದು ಎರಡು ದಿನ ರಸ್ತೆ ಬಂದ್. ಜಿಗಣೆ ಕಾಟ ನಮ್ಮ ಮಲೆನಾಡಿನಷ್ಟೇ. ಎರಡು ತಿಂಗಳ ಸಂಬಳ ಹೋಯಿತು. ಆದರೆ ನಾವು ಹೊರಟ ದಿನ ಮಕ್ಕಳು ಅಳಲಿಲ್ಲ. ಅವರ ಮಿಸ್ ಅಲ್ಲೇ ಇದ್ದರು. ಸಂಜೆ ಮಕ್ಕಳು ಅವರವರ ಅಮ್ಮನ ಹತ್ತಿರ ಮನೆಗೇ ಹೋಗುವವರು. ಆರು ತಿಂಗಳ ನಂತರ ಮಿಸ್ ವಾಟ್ಸಾಪಿನಲ್ಲಿ ವಿಡಿಯೊ ಕಳಿಸಿದರು. ಜೋಳದ ಬದಲು ಹುರುಳಿ ಬಂದಿತ್ತು, ಚಪ್ಪರ ಇನ್ನೂ ತೂಗುತ್ತಿತ್ತು.

ಹಾಗಾಗಿ ಆಫೀಸಿನ ಹುಡುಗಿಗೆ ಹೇಳಿದ್ದು ಇಷ್ಟು. ಬಾಲಗೃಹಕ್ಕೆ ಬೇಡವೇ ಬೇಡ, ಎಷ್ಟೇ ಒಳ್ಳೆಯ ಮನಸ್ಸಿದ್ದರೂ. ಎರಡೇ ವಾರ ಇದ್ದರೆ ಪ್ರವಾಸಿಯಾಗಿ ಹೋಗು. ಹಳ್ಳಿಯವರ ಹೋಮ್‌ಸ್ಟೇಯಲ್ಲಿ ಉಳಿದುಕೋ, ಅಲ್ಲೇ ದುಡ್ಡು ಖರ್ಚು ಮಾಡು. ಎರಡು ಮೂರು ತಿಂಗಳು ಬಿಡುವಿದ್ದರೆ ಮಾತ್ರ ಶಾಲೆಯ ತಂಡ ಹುಡುಕು. ದುಡ್ಡು ಕಟ್ಟುವ ಮುಂಚೆ ಕೇಳು: ನನ್ನ ಪೊಲೀಸ್ ಸರ್ಟಿಫಿಕೇಟ್ ಬೇಕಾ? ನಾನು ಯಾವ ಟೀಚರಿನ ಜೊತೆ ಕೆಲಸ ಮಾಡುತ್ತೇನೆ? ನಾನು ವಾಪಸ್ ಬಂದ ಮೇಲೆ ಅದನ್ನು ಮುಂದುವರಿಸುವವರು ಯಾರು? ಮಕ್ಕಳು ರಾತ್ರಿ ಎಲ್ಲಿ ಮಲಗುತ್ತಾರೆ?

ಅವಳು ಈಗ ಮುಂದಿನ ವರ್ಷಕ್ಕೆ ರಜೆ ಕೂಡಿಸುತ್ತಿದ್ದಾಳೆ. ನಮ್ಮಮ್ಮನ ನಂಬರ್ ಇಸಕೊಂಡಿದ್ದಾಳೆ.