ಎಂ.ಎಸ್ಸಿ.: ಸಸ್ಯಶಾಸ್ತ್ರವೋ, ಸೂಕ್ಷ್ಮಜೀವಶಾಸ್ತ್ರವೋ, ಜೈವಿಕ ತಂತ್ರಜ್ಞಾನವೋ?

ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಮುಗಿಸಿ, ಮುಂದಿನ ಎರಡು ವರ್ಷಗಳನ್ನು ಈ ಮೂರರಲ್ಲಿ ಯಾವುದಕ್ಕೆ ಮೀಸಲಿಡಬೇಕೆಂದು ಕೇಳಿರುವ ವಿದ್ಯಾರ್ಥಿನಿಯು ಮೊದಲು ಖರ್ಚನ್ನು ಗಮನಿಸಬೇಕು. ಸರ್ಕಾರಿ ಸೀಟು ಸಿಕ್ಕರೆ ಮೂರೂ ಕೈಗೆಟಕುತ್ತವೆ. ಖಾಸಗಿ ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನ ಸಾಮಾನ್ಯವಾಗಿ ದುಬಾರಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿರುವ ಕೋರ್ಸಿಗೆ ಗ್ಯಾಟ್-ಬಿ ಎಂಬ ರಾಷ್ಟ್ರೀಯ ಪ್ರವೇಶ ಪರೀಕ್ಷೆಯ ಮೂಲಕ ಸೇರಿದವರಿಗೆ ಮಾಸಿಕ ವಿದ್ಯಾರ್ಥಿವೇತನವೂ ಉಂಟು, ಆದರೆ ಅದಕ್ಕಾಗಿ ದೂರದ ಊರಿಗೆ ಹೋಗಲು ಸಿದ್ಧರಿರಬೇಕು.

ಉದ್ಯೋಗದ ವಿಚಾರವೇ ನಿರ್ಣಾಯಕ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಯೀಸ್ಟ್‌ನಿಂದ ಹುದುಗಿಸಿ ಎಥೆನಾಲ್ ತಯಾರಿಸುತ್ತವೆ. ಅಲ್ಲಿನ ಪ್ರಯೋಗಾಲಯಕ್ಕೂ, ಹಾಲಿನ ಡೇರಿ ಮತ್ತು ಆಸ್ಪತ್ರೆಗಳ ಪ್ರಯೋಗಾಲಯಗಳಿಗೂ ಸೂಕ್ಷ್ಮಜೀವಶಾಸ್ತ್ರದವರು ಬೇಕು. ಆದ್ದರಿಂದ ಮನೆಗೆ ಹತ್ತಿರವಿದ್ದು ಬೇಗ ದುಡಿಯಬೇಕಾದವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಸೇರುವ ಮುನ್ನ ಒಮ್ಮೆ ಇಂಥ ಎಥೆನಾಲ್ ತಯಾರಿಸುವ ಡಿಸ್ಟಿಲರಿಯೊಂದರ ಪ್ರಯೋಗಾಲಯವನ್ನು ಕಣ್ಣಾರೆ ನೋಡಿ ಬನ್ನಿ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುವ ಆಸೆಯಿದ್ದರೆ ಸಸ್ಯಶಾಸ್ತ್ರದ ಜೊತೆಗೆ ಬಿ.ಎಡ್. ಮಾಡುವುದು ಹೆಚ್ಚು ನೇರವಾದ ದಾರಿ. ಬೆಂಗಳೂರು, ಹೈದರಾಬಾದಿನ ಔಷಧ ಕಂಪನಿಗಳತ್ತ ಮನಸ್ಸಿದ್ದವರಿಗೆ ಜೈವಿಕ ತಂತ್ರಜ್ಞಾನ ಹೊಂದುತ್ತದೆ.

ಸಂಶೋಧನೆಗೆ ಯಾವುದೂ ಅಡ್ಡಿಯಲ್ಲ: ಸಂಶೋಧನಾ ಫೆಲೋಶಿಪ್‌ನ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆ ಮೂವರಿಗೂ ಒಂದೇ.