ಮಾರುತಿ 800ರ ಕಾರ್ಬ್ಯುರೇಟರ್: ಗುಜರಿಯದೋ, ಹೊಸದೋ, ಇದ್ದುದನ್ನೇ ಬಿಚ್ಚುವುದೋ?

ಅಪ್ಪ ಕೊಂಡಿದ್ದ 1996ರ ಮಾರುತಿ 800 ನಮ್ಮ ಮೈಸೂರಿನ ಮನೆಯಂಗಳದಲ್ಲಿ ಎರಡು ವರ್ಷ ನಿಂತೇ ಇತ್ತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲ, ಅದಕ್ಕಾಗಿ ಅಣಿಗೊಳಿಸಲು ಕುಳಿತೆ. ಬ್ಯಾಟರಿ ಬದಲಿಸಿದೆ, ಹಳೆಯ ಪೆಟ್ರೋಲ್ ಬಸಿದು ಹೊಸದು ಹಾಕಿದೆ. ಆದರೂ ಎಂಜಿನ್ ಹಿಡಿದು ಹಿಡಿದು ಆರುತ್ತಿತ್ತು, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಒಸರುತ್ತಿತ್ತು.

ಮೂರು ದಾರಿಗಳನ್ನೂ ಹಿಡಿದು ನೋಡಿದ್ದೇನೆ. ನನ್ನ ಮತ ಮೂಲ ಕಾರ್ಬ್ಯುರೇಟರನ್ನೇ ಬಿಚ್ಚಿ ತೊಳೆದು ರಿಪೇರಿ ಕಿಟ್ (ಸವೆಯುವ ಸಣ್ಣ ಭಾಗಗಳ ಕಟ್ಟು) ಹಾಕುವುದಕ್ಕೆ. ಅದನ್ನು ಕೊನೆಯಲ್ಲಿ ಮಾಡಿದೆ, ಮೊದಲೇ ಮಾಡಬೇಕಿತ್ತು.

ಮೊದಲು ಹೋದದ್ದು ಬೆಂಗಳೂರಿನ ಶಿವಾಜಿನಗರಕ್ಕೆ. ಗುಜರಿ ಅಂಗಡಿಯೊಂದರಲ್ಲಿ 1,800 ರೂಪಾಯಿಗೆ ಥಳಥಳ ಹೊಳೆಯುವ ಕಾರ್ಬ್ಯುರೇಟರ್ ಸಿಕ್ಕಿತು. ಕೂರಿಸಿದೆ. ಎಂಜಿನ್ ಹಿಡಿಯಿತು, ಆದರೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ಓಟ, ಒಂದೇ ಸಮ ಇರಲೊಲ್ಲದು. ಒಮ್ಮೆ ಏರುತ್ತದೆ, ಮರುಕ್ಷಣ ಕುಸಿದು ಆರಿಹೋಗುತ್ತದೆ. ಐಡ್ಲಿಂಗ್ ಸ್ಕ್ರೂ ತಿರುಗಿಸಿದೆ, ವ್ಯಾಕ್ಯೂಮ್ ಪೈಪುಗಳನ್ನು ಬದಲಿಸಿದೆ, ಬುಡದ ಗ್ಯಾಸ್ಕೆಟ್ಟನ್ನೂ ಬದಲಿಸಿದೆ. ಎರಡು ಭಾನುವಾರಗಳು ಹೀಗೇ ಕಳೆದವು.

ಮೂರನೆಯ ಭಾನುವಾರ, ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದೆ. ಲಟಲಟ ಎಂದಿತು. ಎಂಜಿನ್ ಓಡುತ್ತಿರುವಾಗ ಶಾಫ್ಟಿನ ತುದಿಗೆ ಕುಂಚದಿಂದ ಎರಡು ಹನಿ ಎಂಜಿನ್ ಆಯಿಲ್ ಸವರಿದೆ. ಎಣ್ಣೆ ಸಂದಿಯನ್ನು ಮುಚ್ಚಿದಷ್ಟು ಹೊತ್ತು ಐಡ್ಲಿಂಗ್ ಗಟ್ಟಿಯಾಗಿ ನಿಂತಿತು, ಎಣ್ಣೆ ಒಳಗೆ ಹೀರಿಹೋದೊಡನೆ ಮತ್ತೆ ತೊದಲಿತು. ಶಾಫ್ಟ್ ಕೂರುವ ರಂಧ್ರವೇ ಸವೆದು, ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿತ್ತು. ಯಾವ ಕಿಟ್ಟೂ ಅದನ್ನು ಸರಿಪಡಿಸುವುದಿಲ್ಲ. ಹೊರಗಿನ ಹೊಳಪು ನೋಡಿ ದುಡ್ಡು ಕೊಟ್ಟಿದ್ದೆ. ಕೊಳ್ಳುವ ಮುನ್ನ ಶಾಫ್ಟ್ ಅಲುಗಿಸಿ ನೋಡಲು ಅರೆನಿಮಿಷವೂ ಬೇಕಿರಲಿಲ್ಲ.

ಜೆ.ಸಿ. ರಸ್ತೆಯಲ್ಲಿ ಕೊಂಡ ಹೊಸದಕ್ಕೆ 4,500 ರೂಪಾಯಿ. ಮೊದಲ ಯತ್ನಕ್ಕೇ ಹಿಡಿಯಿತು. ಆದರೆ ತಣ್ಣಗಿನ ಎಂಜಿನ್ ಹಿಡಿಯಲು ಎಳೆಯುವ ಚೋಕ್ ಕೇಬಲ್ಲಿನ ಕ್ಲಿಪ್ ಅರ್ಧ ಅಂಗುಲ ಆಚೆಗಿತ್ತು, ಅದಕ್ಕೇ ಕಾರ್ಬ್ಯುರೇಟರನ್ನು ಅಂಗಡಿಗೆ ಹಿಂದಿರುಗಿಸಿದೆ.

ಕೊನೆಗೆ 450 ರೂಪಾಯಿಯ ಕಿಟ್ ತಂದು ಅಪ್ಪನ ಕಾರಿನದನ್ನೇ ಬಿಚ್ಚಿದೆ. ಅದರ ಶಾಫ್ಟ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಸ್ಕ್ರೂಗಳನ್ನೂ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳನ್ನೂ ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸಿಟ್ಟೆ. ಫ್ಲೋಟ್ ಬಟ್ಟಲಿನ ತಳದಲ್ಲಿ ಪೆಟ್ರೋಲ್ ಒಣಗಿ ಬೆಲ್ಲದ ಪಾಕದಂತೆ ಅಂಟಿತ್ತು. ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ. ಕ್ಲೀನರಿನಲ್ಲಿ ನೆನೆಸಿ, ತಾಮ್ರದ ತಂತಿಯ ಒಂದೇ ಎಳೆಯಿಂದ ಮೆಲ್ಲಗೆ ಬಿಡಿಸಿದೆ. ಸೂಜಿ ಹಾಕಿದರೆ ತೂತು ಹಿಗ್ಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಬಟ್ಟಲು ತುಂಬಿದಾಗ ಪೆಟ್ರೋಲ್ ಬರುವ ದಾರಿ ಮುಚ್ಚುವ ಫ್ಲೋಟ್ ನೀಡಲ್‌ನ ಮೊನೆಯಲ್ಲಿ ಉಂಗುರದಂತೆ ಗೆರೆ ಬಿದ್ದಿತ್ತು, ಒಸರುತ್ತಿದ್ದುದು ಅದರಿಂದಲೇ. ಕಿಟ್ಟಿನ ಹೊಸ ನೀಡಲ್ ಹಾಕಿದ ಮೇಲೆ ಒಂದು ಹನಿಯೂ ಸೋರಿಲ್ಲ.

ನನಗೆ ಈ ಕಾರು ಬೇಕಿರುವುದು ಭಾನುವಾರ ನಂಜನಗೂಡಿಗೆ ಹೋಗಿಬರಲು. ಒಂದು ಶನಿವಾರ ಪೂರ್ತಿ ಅಂಗಳದಲ್ಲಿ ಕೂರುವುದು ನನಗೆ ಇಷ್ಟದ ಕೆಲಸ, 4,500 ರೂಪಾಯಿ ಮಾತ್ರ ಭಾರ. ದಿನವೂ ಇದರಲ್ಲೇ ಕಚೇರಿಗೆ ಹೋಗಬೇಕಾದವರು, ಅಥವಾ ಹಳೆಯದರ ಶಾಫ್ಟೇ ಸವೆದವರು, ಹೊಸದನ್ನೇ ಕೊಳ್ಳಲಿ. ಗುಜರಿಗೆ ನಾನು ಇನ್ನೂ ಹೋಗುತ್ತೇನೆ, ಆದರೆ ಬಾಗಿಲ ಹಿಡಿ, ಕನ್ನಡಿಯಂಥವುಗಳಿಗೆ ಮಾತ್ರ. ಮುಂದಿನ ವಾರ ಎಡಬಾಗಿಲ ಗಾಜು ಏರಿಸುವ ಹಿಡಿಕೆ ಹುಡುಕಬೇಕಿದೆ.